ಹತ್ತಿದ್ದು ಹತ್ತು, ಆರಿದ್ದು ಆರು: ಒಗಟಿನಿಂದ ಮಕ್ಕಳ ಲೆಕ್ಕ ಸುಧಾರಿಸುತ್ತಾ, ಕೆಡುತ್ತಾ?

ವಿನೋಬನಗರದ ಅಮ್ಮ, ದಾವಣಗೆರೆ · ಭಾನುವಾರ ಸಂಜೆ 7:10

ಎಲ್ಲರಿಗೂ ನಮಸ್ಕಾರ. ವಿಷಯ ಸಣ್ಣದು, ಆದರೆ ಮನೆಯಲ್ಲಿ ಮೂರು ದಿನದಿಂದ ಇದೇ ಜಗಳ.

ನಮ್ಮ ಅತ್ತೆಗೆ ಒಗಟಿನ ಹುಚ್ಚು. ಕಾರ್ತಿಕದ ದೀಪ ಹಚ್ಚುವಾಗ ನಾಲ್ಕನೇ ಕ್ಲಾಸಿನ ಮಗನಿಗೆ ಒಂದು ಹಾಕಿದರು: "ಹತ್ತಿದ್ದು ಹತ್ತು, ಆರಿದ್ದು ಆರು, ಉಳಿದಿದ್ದೆಷ್ಟು ಹೇಳು?" ಅವನು ಬೆರಳು ಮಡಚಿ ನಾಲ್ಕು ಅಂದ. ಅತ್ತೆ ನಕ್ಕು, "ಆರಿದ ದೀಪ ಎದ್ದು ಎಲ್ಲಿಗೆ ಹೋಯ್ತಲೇ? ಎಣಿಸು" ಅಂದರು. ಹಣತೆ ಎಣಿಸಿದ. ಹತ್ತೇ ಇದ್ದವು. ಅವತ್ತು ಪಕ್ಕದ ಮನೆಯವರಿಗೆ, ಹಾಲಿನವನಿಗೆ, ಫೋನಿನಲ್ಲಿ ನಮ್ಮಮ್ಮನಿಗೆ, ಸಿಕ್ಕವರಿಗೆಲ್ಲ ಕೇಳಿದ್ದೇ ಕೇಳಿದ್ದು.

ಶುಕ್ರವಾರ ಶಾಲೆಯಲ್ಲಿ ಒಬ್ಬೊಬ್ಬರೂ ಒಂದು ಲೆಕ್ಕದ ಒಗಟು ಹೇಳಬೇಕಿತ್ತು. ಇವನು ಇದನ್ನೇ ಹೇಳಿ, ಉತ್ತರ ಹತ್ತು ಅಂದಿದ್ದಾನೆ. ಮೇಡಂ "ಹತ್ತರಲ್ಲಿ ಆರು ಕಳೆದರೆ ನಾಲ್ಕು, ಕೂತ್ಕೋ" ಅಂದರಂತೆ. ಎಲ್ಲರೂ ನಕ್ಕರಂತೆ. ಶಾಲೆ ಯಾವುದು ಅನ್ನೋದು ಬೇಡ, ಮೇಡಂ ಕೆಟ್ಟವರೇನಲ್ಲ. ಆದರೆ ಹುಡುಗ ಮನೆಗೆ ಬಂದು ಚೀಲ ಬಿಸಾಕಿ, "ಅಜ್ಜಿ ಸುಳ್ಳು ಹೇಳ್ತಾಳೆ" ಅಂದ. ಅತ್ತೆಯ ಮುಖ ನೋಡಲಾಗಲಿಲ್ಲ.

ನಮ್ಮವರು ಪರೀಕ್ಷೆ ಮುಗಿಯೋವರೆಗೆ ಒಗಟು ಬಂದ್ ಅಂತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಪದದ ಆಟದಿಂದ ಲೆಕ್ಕಕ್ಕೆ ಏನಾದರೂ ಲಾಭ ಇದೆಯಾ, ಅಥವಾ ಸುಮ್ನೆ ಗೊಂದಲವಾ? ಅನುಭವ ಇದ್ದವರು ಹೇಳಿ.

ಗಡಿಯಾರ ಕಂಬ · 7:18

ಉತ್ತರ ನಾಲ್ಕೇ. ಇದರಲ್ಲಿ ಚರ್ಚೆ ಏನಿದೆ?

ಕಲ್ಲಿನಕೋಟೆ, ಚಿತ್ರದುರ್ಗ · 7:25

ನಾಲ್ಕೂ ಅಲ್ಲ, ಹತ್ತೂ ಅಲ್ಲ. ಆರು! ಉರಿಯುತ್ತಿರೋ ನಾಲ್ಕು ದೀಪದ ಎಣ್ಣೆ, ಬತ್ತಿ ರಾತ್ರಿಯೆಲ್ಲ ಉರಿದು ಖಾಲಿ. ಆರಿದ ಆರರಲ್ಲಿ ಮಾತ್ರ ಬೆಳಗ್ಗೆ ಎಣ್ಣೆ ಉಳಿದಿರುತ್ತೆ. ನಮ್ಮ ತಾತ ಹೀಗೇ ಹೇಳುತ್ತಿದ್ದರು.

ಮಿರ್ಚಿ ಪ್ರಿಯ · 7:27

ಒಂದು ಒಗಟು, ಮೂರು ಉತ್ತರ. ಶುರುವಾಯ್ತು ನೋಡಿ 😀

ರಿಟೈರ್ಡ್ ಮೇಷ್ಟ್ರು, ಹೊಳಲ್ಕೆರೆ · 7:52

ತಾಯಿ, ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಮೂರು ಉತ್ತರವೂ ಸರಿ. ಉಳಿದಿದ್ದು ಏನು ಅಂತ ಒಗಟಿನಲ್ಲಿ ಹೇಳೇ ಇಲ್ಲವಲ್ಲ. ಬೆಳಕು ಉಳಿದಿದ್ದು ಕೇಳಿದರೆ ನಾಲ್ಕು, ಹಣತೆ ಕೇಳಿದರೆ ಹತ್ತು, ಎಣ್ಣೆ ಕೇಳಿದರೆ ಆರು. ಇಷ್ಟು ಹೇಳಿಕೊಟ್ಟಿದ್ದರೆ ಆ ಪಿರಿಯಡ್ ಸಾರ್ಥಕವಾಗುತ್ತಿತ್ತು.

ಜಾರ್ಜ್ ಪೋಲ್ಯ ಅಂತ ಹಂಗೆರಿಯಲ್ಲಿ ಹುಟ್ಟಿದ ಗಣಿತಜ್ಞರು 1945ರಲ್ಲೇ ಲೆಕ್ಕ ಬಿಡಿಸೋದನ್ನು ನಾಲ್ಕು ಹಂತ ಮಾಡಿ ಬರೆದರು. ಮೊದಲನೆಯದೇ ಪ್ರಶ್ನೆ ಅರ್ಥ ಮಾಡಿಕೊಳ್ಳೋದು: ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ. ನಮ್ಮ ಮಕ್ಕಳು ಈ ಹಂತವನ್ನೇ ಹಾರುತ್ತಾರೆ. ಎರಡು ಸಂಖ್ಯೆ ಕಂಡರೆ ಸಾಕು, ಕೂಡಲಾ ಕಳೆಯಲಾ ಅಂತ ಕೈ ತುರಿಸುತ್ತದೆ.

ಇದು ನಮ್ಮೂರ ರೋಗ ಮಾತ್ರ ಅಲ್ಲ. 1980ರ ಸುಮಾರಿಗೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಪ್ರೈಮರಿ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟರು. ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ, ಕ್ಯಾಪ್ಟನ್ ವಯಸ್ಸೆಷ್ಟು? 97 ಮಕ್ಕಳಲ್ಲಿ 76 ಮಂದಿ ಆ ಸಂಖ್ಯೆಗಳನ್ನೇ ಹಿಡಿದು ಏನೋ ಒಂದು ವಯಸ್ಸು ಬರೆದರು.

ಗಡಿಯಾರ ಕಂಬ · 7:58

ಮೇಷ್ಟ್ರೇ, ಪರೀಕ್ಷೆಯಲ್ಲಿ "ಮೂರೂ ಸರಿ" ಅಂತ ಬರೆದರೆ ಸೊನ್ನೆ ಕೊಡುತ್ತಾರೆ. ಅದನ್ನೂ ಹೇಳಿ.

ಹರಿಹರ ಸೇತುವೆ · 8:40

ಮೇಷ್ಟ್ರು ಹೇಳಿದ್ದನ್ನು ಈಗಷ್ಟೇ ಮನೆಯಲ್ಲಿ ಪ್ರಯೋಗ ಮಾಡಿದೆ. ಹಡಗು ಬೇಡ, ಬಸ್ ಮಾಡಿದೆ. "ಹರಿಹರದಿಂದ ದಾವಣಗೆರೆಗೆ ಹೊರಟ ಬಸ್ಸಿನಲ್ಲಿ 26 ಜನ. ದಾರಿಯಲ್ಲಿ 10 ಜನ ಇಳಿದರು. ಕಂಡಕ್ಟರ್ ವಯಸ್ಸೆಷ್ಟು?"

ಮಗಳು, ಐದನೇ ಕ್ಲಾಸು: 16. ಅಣ್ಣನ ಮಗ, ಏಳನೇ ಕ್ಲಾಸು: ಒಂದು ನಿಮಿಷ ಯೋಚನೆ ಮಾಡಿ, "16 ವಯಸ್ಸಿಗೆ ಯಾರು ಕಂಡಕ್ಟರ್ ಮಾಡ್ತಾರೆ? ಕೂಡಬೇಕು, 36" ಅಂದ! ಉತ್ತರ ಹೊಂದುತ್ತಾ ಅಂತ ನೋಡಿದ್ದಾನೆ, ಆದರೆ ಪ್ರಶ್ನೆಯನ್ನು ಅನುಮಾನಿಸಲಿಲ್ಲ. ನಮ್ಮ ಅವ್ವ ಸೊಪ್ಪು ಬಿಡಿಸುತ್ತಾ ಕೂತಿದ್ದವರು, "ಕಂಡಕ್ಟರನ್ನೇ ಕೇಳ್ರಿ" ಅಂದರು. ಶಾಲೆಯ ಮೆಟ್ಟಿಲು ಹತ್ತದವರು.

ಕೋಡ್ ಬರಿಯೋನು, ಬೆಂಗಳೂರು, ಮೂಲ ಪಿ.ಜೆ. ಬಡಾವಣೆ · 9:05

ನಾನು ಸ್ವಲ್ಪ ಉಲ್ಟಾ ಮಾತಾಡ್ತೀನಿ, ಬೈಬೇಡಿ.

ಒಗಟು ಚೆನ್ನಾಗಿದೆ, ಒಪ್ಪಿದೆ. ಆದರೆ ಒಗಟಿನಿಂದ ಮಕ್ಕಳ "ವಿಮರ್ಶಾತ್ಮಕ ಚಿಂತನೆ ಬೆಳೆಯುತ್ತೆ" ಅಂತ ಕೆಲವರು ಹೇಳೋದು ದೊಡ್ಡ ಮಾತು. ಒಗಟು ಬಿಡಿಸೋ ಹುಡುಗ ಒಗಟಿನಲ್ಲಿ ಜಾಣ ಆಗ್ತಾನೆ, ಅಷ್ಟೇ. ಅದು ಭಿನ್ನರಾಶಿಗೆ ಹೇಗೆ ದಾಟುತ್ತೆ? ಅಲ್ಲದೆ ಎಷ್ಟೋ ಒಗಟು ಬರೀ ಬಾಯಿಪಾಠ. ಚೋಟುದ್ದ ಕುದುರೆ, ಮಾರುದ್ದ ಬಾಲ ಅಂದರೆ ಸೂಜಿ ದಾರ. ಮೊದಲೇ ಕೇಳಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಯೋಚನೆ ಎಲ್ಲಿ ಬಂತು?

ಇನ್ನೊಂದು. ಪ್ರತಿ ಪ್ರಶ್ನೆಯಲ್ಲೂ ಮೋಸ ಇದೆ ಅಂತ ಅಭ್ಯಾಸವಾದರೆ, ನೇರ ಪ್ರಶ್ನೆಗೂ ಮಕ್ಕಳು ಅಡ್ಡ ಉತ್ತರ ಹುಡುಕ್ತಾರೆ. ನನ್ನ ತಮ್ಮ ಹಾಗೇ ಆಗಿದ್ದ. "ಅಂಗಡಿಯವನು 12 ಪೆನ್ಸಿಲ್‌ನಲ್ಲಿ 5 ಮಾರಿದ, ಉಳಿದಿದ್ದೆಷ್ಟು" ಅಂದರೆ "ಗೋಡೌನ್ ನೋಡಬೇಕು" ಅಂತಿದ್ದ.

ಮಿರ್ಚಿ ಪ್ರಿಯ · 9:07

ನಿಮ್ಮ ತಮ್ಮ ಈಗ ಆಡಿಟರ್ ಆಗಿರಬೇಕು.

ಕೋಡ್ ಬರಿಯೋನು · 9:09

ಮಂಡಿಪೇಟೆಯಲ್ಲಿ ಹೋಲ್‌ಸೇಲ್ ಅಂಗಡಿ. ಗೋಡೌನ್ ಇದೆ 😅

ಹಾಲಿ ಟೀಚರ್ · 9:30

ನಾನು ಸರ್ಕಾರಿ ಶಾಲೆ ಶಿಕ್ಷಕಿ, ಊರು ಬೇಡ. ಆ ಮೇಡಂ ಪರವಾಗಿ ಎರಡು ಮಾತು. 40 ನಿಮಿಷದ ಪಿರಿಯಡ್, ಎದುರಿಗೆ 42 ಮಕ್ಕಳು, ಒಬ್ಬೊಬ್ಬರದೂ ಒಂದು ಒಗಟು. ಒಬ್ಬನ ಉತ್ತರದ ಮೇಲೆ ಚರ್ಚೆ ಮಾಡಿದರೆ ಉಳಿದ 41 ಮಕ್ಕಳ ಸರದಿ? ಮನೆಯಲ್ಲಿ ಅಜ್ಜಿಗೆ ಇರೋ ಪುರುಸೊತ್ತು ನಮಗೆ ಇಲ್ಲ ಮೇಡಂ.

ಆದರೂ "ಕೂತ್ಕೋ" ಅನ್ನೋ ಬದಲು "ಯಾಕೆ ಹತ್ತು?" ಅಂತ ಒಂದು ಸಲ ಕೇಳಬಹುದಿತ್ತು. ನಾನೂ ಎಷ್ಟೋ ಸಲ ಕೇಳಿಲ್ಲ, ಅದಕ್ಕೇ ಹೇಳ್ತಿದ್ದೀನಿ. ನಲಿ-ಕಲಿ ಇರೋ ಸಣ್ಣ ತರಗತಿಗಳಲ್ಲಿ ಗುಂಪು ಮಾಡಿ ಕೂರಿಸೋದರಿಂದ ಇಂಥದಕ್ಕೆ ಸ್ವಲ್ಪ ಜಾಗ ಸಿಗುತ್ತೆ. ನಾಲ್ಕನೇ ಕ್ಲಾಸಿಗೆ ಬಂದ ಮೇಲೆ ಸಿಲೆಬಸ್ ಓಡಿಸುತ್ತೆ.

ಚಳ್ಳಕೆರೆ ಶೇಂಗಾ · 10:15

ಭಿನ್ನರಾಶಿಗೆ ಹೇಗೆ ದಾಟುತ್ತೆ ಅಂತ ಕೇಳಿದ ಅಣ್ಣನಿಗೆ ಈ ಉತ್ತರ.

ನನ್ನ ಮಗಳು ಇಂಗ್ಲಿಷ್ ಮೀಡಿಯಂ, ಮೂರನೇ ಕ್ಲಾಸು. ಹೋದ ತಿಂಗಳು ಅಂಗಡಿಗೆ ಕಳಿಸಿದೆ: "ಎರಡೂಕಾಲು ಕೆಜಿ ಸಕ್ಕರೆ ತಗೊಂಡು ಬಾ." ಕಾಲು ಕೆಜಿಯ ಎರಡು ಪ್ಯಾಕೆಟ್ ಹಿಡಿದುಕೊಂಡು ಬಂದಳು! ಮನೆಗೆ ನೆಂಟರು ಬಂದಿದ್ದಾರೆ, ಕೇಸರಿಬಾತ್‌ಗೆ ಒಲೆ ಹಚ್ಚಿದ್ದೀನಿ, ಕೈಯಲ್ಲಿ ಅರ್ಧ ಕೆಜಿ. ಬೈಯೋಕೆ ಬಾಯಿ ತೆಗೆದೆ, ಆಮೇಲೆ ಹೊಳೆಯಿತು. ಅವಳು ಕೇಳಿಸಿಕೊಂಡಿದ್ದು "ಎರಡು ಕಾಲು". ಎರಡು ಕಾಲು ಅಂದರೆ ಅರ್ಧವೇ ತಾನೇ? ಲೆಕ್ಕ ಸರಿ, ಕಿವಿ ತಪ್ಪು.

ಅವತ್ತಿನಿಂದ ಮನೆಯಲ್ಲಿ ಕಾಲಿನ ಆಟ ಶುರು. "ಮೂರು ಕಾಲು ಎಷ್ಟು? ಮೂರೂಕಾಲು ಎಷ್ಟು?" ಮೊದಲನೆಯದು ಮುಕ್ಕಾಲು, ಎರಡನೆಯದು ಮೂರರ ಮೇಲೆ ಕಾಲು. ಒಂದು ದೀರ್ಘ ಎಳೆದರೆ ಎರಡೂವರೆ ಜಾಸ್ತಿ ಆಗುತ್ತೆ! ಇದನ್ನು ಅವಳೇ ಕಳೆದು ಕಂಡುಹಿಡಿದಳು. "ನಾಲ್ಕು ಕಾಲು ಸೇರಿದರೆ ಏನಾಗುತ್ತೆ" ಅಂತ ಕೇಳಿದರೆ "ಒಂದು ಎಮ್ಮೆ" ಅಂತಾಳೆ. ಒಂದು ಅನ್ನೋದಂತೂ ಸರಿ ಇದೆಯಲ್ಲ.

ಥ್ರೀ ಬೈ ಫೋರ್ ಅಂತ ಶಾಲೆಯಲ್ಲಿ ಬರೆಸುತ್ತಿದ್ದಾಗ ಅವಳಿಗೆ ಮೇಲೊಂದು ಕೆಳಗೊಂದು ಅಂಕಿ ಮಾತ್ರ ಕಾಣುತ್ತಿತ್ತು. ನಮ್ಮ ಹಟ್ಟಿಯ ಮುಕ್ಕಾಲಿ ಸ್ಟೂಲ್ ತೋರಿಸಿ "ಇದಕ್ಕೆ ಎಷ್ಟು ಕಾಲು" ಅಂದ ಮೇಲೆ ಮುಕ್ಕಾಲು ಅಂದರೆ ಮೂರು ಕಾಲು ಅಂತ ತಲೆಗೆ ಹೋಯಿತು.

ರಿಟೈರ್ಡ್ ಮೇಷ್ಟ್ರು · 10:31

ಭೇಷ್! ನಮ್ಮ ಅಪ್ಪನ ಕಾಲದಲ್ಲಿ ಇದಕ್ಕೆ ಮಗ್ಗಿಯೇ ಇತ್ತು. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ. ಒಂದು ಕಾಲು ಕಾಲು, ಎರಡು ಕಾಲು ಅರೆ, ಮೂರು ಕಾಲು ಮುಕ್ಕಾಲು, ನಾಲ್ಕು ಕಾಲು ಒಂದು ಅಂತ ರಾಗವಾಗಿ ಹೋಗುತ್ತಿತ್ತು. ರೂಪಾಯಿಗೆ 16 ಆಣೆ, ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು. ಎಲ್ಲ ಕಾಲುಕಾಲಾಗಿ ಒಡೆಯುತ್ತಿದ್ದರಿಂದ ಅದು ದಿನಾ ಬಳಸುವ ಲೆಕ್ಕ. 1957ರಲ್ಲಿ ನಯಾಪೈಸೆ ಬಂದ ಮೇಲೆ ಆ ಮಗ್ಗಿಗಳಿಗೆ ಕೆಲಸ ಕಮ್ಮಿಯಾಯಿತು. ಈಗ "ಹದಿನಾರಾಣೆ ಸತ್ಯ" ಅನ್ನೋ ಮಾತು ಉಳಿದಿದೆ, ಆಣೆ ಇಲ್ಲ.

ಗಡಿಯಾರ ಕಂಬ · 10:40

ಹಳೇದೆಲ್ಲ ಚಿನ್ನ ಅಂತ ಶುರು ಮಾಡಬೇಡಿ ಗುರುಗಳೇ. ಆ ಮಗ್ಗಿ ತಪ್ಪಿದರೆ ಬೆತ್ತದ ಏಟು ಬೀಳುತ್ತಿತ್ತು ಅಂತ ನಮ್ಮ ದೊಡ್ಡಪ್ಪ ಅಂಗೈ ತೋರಿಸಿ ಹೇಳುತ್ತಿದ್ದರು.

ರಿಟೈರ್ಡ್ ಮೇಷ್ಟ್ರು · 10:44

ಅದೂ ಹದಿನಾರಾಣೆ ಸತ್ಯ.

ಮಿರ್ಚಿ ಪ್ರಿಯ · 10:50

ನನ್ನದೂ ಒಂದು. ಮಂಡಕ್ಕಿ, ಮಿರ್ಚಿ ಎರಡೂ ಸೇರಿ 44 ರೂಪಾಯಿ. ಮಿರ್ಚಿಗಿಂತ ಮಂಡಕ್ಕಿಗೆ 40 ರೂಪಾಯಿ ಜಾಸ್ತಿ. ಮಿರ್ಚಿಗೆಷ್ಟು?

ಗಡಿಯಾರ ಕಂಬ · 10:51

4.

ಹರಿಹರ ಸೇತುವೆ · 10:55

ಬಿದ್ದರು ಹಳ್ಳಕ್ಕೆ! ಮಿರ್ಚಿ 4 ಆದರೆ ಮಂಡಕ್ಕಿ 44, ಒಟ್ಟು 48 ಆಗುತ್ತಲ್ಲ. ಮಿರ್ಚಿ 2, ಮಂಡಕ್ಕಿ 42.

ಗಡಿಯಾರ ಕಂಬ · 11:02

ಯಾವ ಅಂಗಡಿಯಲ್ಲಿ ರೀ 2 ರೂಪಾಯಿಗೆ ಮಿರ್ಚಿ ಕೊಡ್ತಾರೆ? ಪ್ರಶ್ನೆಯೇ ತಪ್ಪು.

ಮಿರ್ಚಿ ಪ್ರಿಯ · 11:03

ನೋಡಿ, ಈಗ ನೀವೂ ಪ್ರಶ್ನೆಯನ್ನು ಅನುಮಾನಿಸೋಕೆ ಶುರು ಮಾಡಿದಿರಿ 😀 ಅಂದಹಾಗೆ ಇದು ನನ್ನ ಸ್ವಂತದ್ದಲ್ಲ. ಬ್ಯಾಟು, ಚೆಂಡಿನ ಬೆಲೆ ಕೇಳುವ ಪ್ರಶ್ನೆ ಜಗತ್ಪ್ರಸಿದ್ಧ. ಶೇನ್ ಫ್ರೆಡರಿಕ್ ಅನ್ನೋರು 2005ರಲ್ಲಿ ದೊಡ್ಡದೊಡ್ಡ ಯೂನಿವರ್ಸಿಟಿ ಮಕ್ಕಳಿಗೆ ಇಂಥದೇ ಕೊಟ್ಟು ನೋಡಿದರು. ಅಲ್ಲೂ ತುಂಬ ಜನ ಬಿದ್ದರು. ಬೇಜಾರು ಬೇಡ.

ಜಗಳೂರು ಜೋಳ · 11:20

ಬಿಸಿ ಮಿರ್ಚಿ ಮಾತು ಬಂದಿದ್ದಕ್ಕೆ ಕೇಳ್ತೀನಿ, ಗ್ಲಾಸ್ ಹೌಸ್ ಕಡೆ ಈಗ ಸಂಜೆ ಚೆನ್ನಾಗಿ ಎಲ್ಲಿ ಸಿಗುತ್ತೆ?

ವಿನೋಬನಗರದ ಅಮ್ಮ · 11:26

ದಯವಿಟ್ಟು ಒಗಟಿಗೆ ಬನ್ನಿ 🙏 ರಾತ್ರಿ ಹನ್ನೊಂದೂವರೆಗೆ ಹಸಿವು ಮಾಡಿಸಬೇಡಿ.

ಹಳಗನ್ನಡ ಹುಳ, ಚಿತ್ರದುರ್ಗ · ಸೋಮವಾರ ಬೆಳಗ್ಗೆ 6:45

ಇದೆಲ್ಲ ಹೊಸದಲ್ಲ. ಸುಮಾರು 850ರಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಕನ್ನಡದಲ್ಲಿ ಬರೆದ ಗಣಿತಸಾರಸಂಗ್ರಹದಲ್ಲಿ ಕಥೆಯಂಥ ಲೆಕ್ಕಗಳು ರಾಶಿ ಇವೆ. ದುಂಬಿ, ಮಾವಿನಹಣ್ಣು, ದಾರಿಹೋಕರು, ಹೀಗೆ.

ರಿಟೈರ್ಡ್ ಮೇಷ್ಟ್ರು · 7:05

ಸಣ್ಣ ತಿದ್ದುಪಡಿ. ಮಹಾವೀರಾಚಾರ್ಯ ಬರೆದಿದ್ದು ಸಂಸ್ಕೃತದಲ್ಲಿ, ನಮ್ಮ ನಾಡಿನಲ್ಲೇ ಕೂತು. ಕನ್ನಡದಲ್ಲಿ ಗಣಿತ ಬರೆದವನು ರಾಜಾದಿತ್ಯ, ಹನ್ನೆರಡನೇ ಶತಮಾನ, ವ್ಯವಹಾರಗಣಿತ.

ಹಳಗನ್ನಡ ಹುಳ · 7:20

ಸರಿ ಸರಿ, ನಿದ್ದೆಗಣ್ಣಲ್ಲಿ ಬರೆದೆ. ತಪ್ಪಿಗೆ ದಂಡವಾಗಿ ಒಂದು ಆಟ ಕೊಡ್ತೀನಿ.

ಹಿಂದೆ ಅಂಕಿಯ ಬದಲು ಪದ ಬರೆಯುತ್ತಿದ್ದರು, ಭೂತಸಂಖ್ಯೆ ಅಂತ. ಶಾಸನಗಳಲ್ಲಿ ಶಕವರ್ಷವನ್ನೂ ಹೀಗೆ ಹೇಳಿರುವುದುಂಟು. ಚಂದ್ರ ಅಂದರೆ 1, ಕಣ್ಣು 2, ಬೆಂಕಿ 3, ವೇದ 4, ಮನ್ಮಥನ ಬಾಣ 5, ಋತು 6, ಗಿರಿ 7, ಆಕಾಶ 0. ಓದುವಾಗ ಬಿಡಿಸ್ಥಾನದಿಂದ ಶುರು, ಅಂದರೆ ಉಲ್ಟಾ. "ಕಣ್ಣು-ವೇದ-ಚಂದ್ರ" ಅಂದರೆ 241 ಅಲ್ಲ, 142.

ಈಗ ಬಿಡಿಸಿ: ಚಂದ್ರ-ಆಕಾಶ-ಬಾಣ-ಗಿರಿ-ಗಿರಿ-ಬಾಣ. ಸುಳಿವು: ಪೋಸ್ಟ್‌ಮ್ಯಾನ್‌ಗೆ ಗೊತ್ತು.

ಕಲ್ಲಿನಕೋಟೆ · 7:41

577501! ನಮ್ಮ ದುರ್ಗದ ಪಿನ್‌ಕೋಡ್! ಗಿರಿ ಎರಡು ಸಲ ಬಂದಿರೋದು ನಮ್ಮೂರಿಗೆ ಒಪ್ಪುತ್ತೆ ಬಿಡಿ.

ಮಿರ್ಚಿ ಪ್ರಿಯ · 7:44

ಹಾಗಾದರೆ ದಾವಣಗೆರೆ 577001, ಚಂದ್ರ-ಆಕಾಶ-ಆಕಾಶ-ಗಿರಿ-ಗಿರಿ-ಬಾಣ. ನಮಗೂ ಎರಡು ಗಿರಿ ಬಂತು, ಗುಡ್ಡ ಎಲ್ಲಿದೆ ಅಂತ ಕೇಳಬೇಡಿ.

ಹಾಲಿ ಟೀಚರ್ · 8:10

ಇದನ್ನು ಇವತ್ತೇ ಕ್ಲಾಸಿನಲ್ಲಿ ಆಡಿಸ್ತೀನಿ. ಸ್ಥಾನಬೆಲೆಗೆ ಇದಕ್ಕಿಂತ ಒಳ್ಳೆಯದು ಸಿಗಲ್ಲ. ಬಿಡಿ, ಹತ್ತು, ನೂರು ಅಂತ ಬೋರ್ಡ್ ಮೇಲೆ ಬರೆದು ಬರೆದು ಸಾಕಾಗಿದೆ.

ಗಡಿಯಾರ ಕಂಬ ಅವರಿಗೆ ಇನ್ನೊಂದು ಮಾತು, ಪರೀಕ್ಷೆ ಅಂದಿರಲ್ಲ. ಎಂಟನೇ ತರಗತಿಯ ವಿದ್ಯಾರ್ಥಿವೇತನ ಪರೀಕ್ಷೆ ಎನ್‌ಎಂಎಂಎಸ್‌ನಲ್ಲಿ ಮಾನಸಿಕ ಸಾಮರ್ಥ್ಯದ್ದೇ 90 ಪ್ರಶ್ನೆಯ ಒಂದು ಪೇಪರ್. ನವೋದಯ ಆರನೇ ತರಗತಿ ಪ್ರವೇಶ ಪರೀಕ್ಷೆಯಲ್ಲಿ 80ರಲ್ಲಿ 40 ಪ್ರಶ್ನೆ ಅದೇ. ಅಲ್ಲಿ ಸೂತ್ರ ಕೆಲಸಕ್ಕೆ ಬರಲ್ಲ.

ಗಡಿಯಾರ ಕಂಬ · 8:25

ಅಲ್ಲಿ ಬರೋದು ಆಕೃತಿ, ಸರಣಿ. ಅಜ್ಜಿ ಒಗಟು ಅಲ್ಲ. ಆದರೂ... ಹೂಂ. ಮಗಳು ಮುಂದಿನ ವರ್ಷ ನವೋದಯಕ್ಕೆ ಬರೀತಾಳೆ. ಯೋಚನೆ ಮಾಡ್ತೀನಿ.

ಜಗಳೂರು ಜೋಳ · 9:15

ನಮ್ಮ ಮನೆ ಮೆಟ್ಟಿಲಿನ ಆಟ: ಬಾವಿಗೆ ಹತ್ತು ಮೆಟ್ಟಿಲು, ಕಪ್ಪೆ ಹಗಲು ಮೂರು ಹತ್ತುತ್ತೆ, ರಾತ್ರಿ ಎರಡು ಜಾರುತ್ತೆ. ಮೇಲೆ ಬರೋಕೆ ಎಷ್ಟು ದಿನ? ಎಲ್ಲರೂ ಹತ್ತು ಅಂತಾರೆ. ಮಗನನ್ನೇ ಕಪ್ಪೆ ಮಾಡಿ ಮೆಟ್ಟಿಲು ಹತ್ತಿಸಿದೆ. ಎಂಟನೇ ದಿನ ಮೇಲೆ ಬಂದು ಕೂತ, "ಮೇಲೆ ಬಂದ ಮೇಲೆ ಯಾಕೆ ಜಾರಲಿ?" ಅಂದ. ಏಳು ರಾತ್ರಿಗೆ ಏಳು, ಎಂಟನೇ ಹಗಲು ಮೂರು. ಮೊಣಕಾಲು ತರಚಿತು, ಅದು ಬೇರೆ ವಿಷಯ.

ಕೋಡ್ ಬರಿಯೋನು · 1:20

ಊಟದ ಬ್ರೇಕ್‌ನಲ್ಲಿ ಎಲ್ಲ ಓದಿದೆ. ಚೆನ್ನಾಗಿದೆ, ಆದರೆ ನನ್ನ ಮಾತು ವಾಪಸ್ ತಗೊಳ್ಳಲ್ಲ. ಶೇಂಗಾ ಅಕ್ಕನ ಮಗಳಿಗೆ ಒಂದು ಪರೀಕ್ಷೆ. ಅವಳು ಮೊದಲು ಕೇಳಿರಬಾರದು.

ಕುಂದವಾಡ ಕೆರೆ ಮೇಲೆ ಹಾರುತ್ತಿದ್ದ ಒಂದು ಕೊಕ್ಕರೆ, ಕೆಳಗಿನ ಗುಂಪಿಗೆ "ನೂರು ಕೊಕ್ಕರೆಗಳೇ, ನಮಸ್ಕಾರ" ಅಂತು. ಗುಂಪು ಹೇಳಿತು: "ನಾವು ನೂರಿಲ್ಲಪ್ಪ. ನಮ್ಮಷ್ಟೇ ಇನ್ನೊಂದು ಸಲ, ನಮ್ಮ ಅರ್ಧ, ನಮ್ಮ ಕಾಲು, ಮೇಲೆ ನೀನೊಬ್ಬ ಸೇರಿದರೆ ನೂರು." ಕೆರೆಯಲ್ಲಿ ಎಷ್ಟಿದ್ದವು? ನಾನಾದರೆ ಎಕ್ಸ್ ಅಂತ ಇಟ್ಟುಕೊಂಡು ಸಮೀಕರಣ ಬರೀತೀನಿ. ಮೂರನೇ ಕ್ಲಾಸಿನ ಮಗುವಿಗೆ ಎಕ್ಸ್ ಇಲ್ಲ. ನೋಡೋಣ.

ಚಳ್ಳಕೆರೆ ಶೇಂಗಾ · ಸಂಜೆ 6:30

ಶಾಲೆ ಬಿಟ್ಟು ಬಂದ ತಕ್ಷಣ ಕೇಳಿದೆ. ಮೊದಲು 50 ಅಂದಳು. ಹಾಕಿ ನೋಡಿ ಜಾಸ್ತಿ ಆಯ್ತು ಅಂದಳು. ಆಮೇಲೆ ಅಂಗಳದಲ್ಲಿ ಶೇಂಗಾ ಕಾಯಿ ಹರಡಿಕೊಂಡು ಕೂತಳು. ಇಪ್ಪತ್ತು ನಿಮಿಷ ಬಾಯಿ ಬಿಡಲಿಲ್ಲ, ಅರ್ಧ ಕಾಯಿ ತಿಂದೂ ಹಾಕಿದಳು.

ಕೊನೆಗೆ ಹೇಳಿದ್ದು ಇದು, ಅವಳ ಮಾತಲ್ಲೇ: "ಒಂದು ಗುಂಪಲ್ಲಿ ನಾಲ್ಕು ಕಾಲು. ಇನ್ನೊಂದು ಗುಂಪಲ್ಲಿ ನಾಲ್ಕು ಕಾಲು. ಅರ್ಧದಲ್ಲಿ ಎರಡು ಕಾಲು. ಆಮೇಲೆ ಒಂದು ಕಾಲು. ಹನ್ನೊಂದು ಕಾಲು ಆಯ್ತು. ಹಾರೋದನ್ನ ಬಿಟ್ರೆ 99. ಹನ್ನೊಂದೊಂಬತ್ಲ ತೊಂಬತ್ತೊಂಬತ್ತು, ಅದಕ್ಕೆ ಒಂದು ಕಾಲಿಗೆ ಒಂಬತ್ತು ಕೊಕ್ಕರೆ. ನಾಲ್ಕು ಕಾಲಿಗೆ 36."

ನಾನೇನೂ ಹೇಳಿಕೊಟ್ಟಿಲ್ಲ ಅಣ್ಣ, ದೇವರಾಣೆ. ಮುಗಿಸಿ, "ಅಮ್ಮ, ಕೊಕ್ಕರೆಗೆ ಇರೋದು ಎರಡೇ ಕಾಲು ಅಲ್ವಾ, ಹಾಗಾದ್ರೆ ಅದು ಅರ್ಧನಾ?" ಅಂತ ಕೇಳಿದಳು. ಇದಕ್ಕೆ ಉತ್ತರ ಯಾರಾದರೂ ಕೊಡಿ.

ಕೋಡ್ ಬರಿಯೋನು · 6:41

36. ಸರಿ.

ಎಕ್ಸ್ ಬದಲು ಕಾಲು ಇಟ್ಟುಕೊಂಡಿದ್ದಾಳೆ. ನಾನು ಎಂಟನೇ ಕ್ಲಾಸಿನಲ್ಲಿ ಕಲಿತಿದ್ದು. ಈ ಒಂದರಿಂದ ಎಲ್ಲ ಒಗಟೂ ಒಳ್ಳೆಯದು ಅಂತ ಒಪ್ಪಲ್ಲ, ಸೂಜಿ ದಾರ ಇನ್ನೂ ಬಾಯಿಪಾಠವೇ. ಆದರೆ ಕಾಲಿನ ವಿಷಯದಲ್ಲಿ ಸೋತೆ.

ಹರಿಹರ ಸೇತುವೆ · 6:50

ಸೂಜಿ ದಾರವನ್ನೂ ಮಕ್ಕಳೇ ಕಟ್ಟಲಿ, ಆಗ ಬಾಯಿಪಾಠ ಅಲ್ಲ. ನನ್ನ ಮಗಳು ಈರುಳ್ಳಿಗೆ ಕಟ್ಟಿದ್ದು: "ಏಳು ಸುತ್ತಿನ ಕೋಟೆ, ಒಳಗೆ ರಾಜ ಇಲ್ಲ, ಕೆಡವಿದವರಿಗೆ ಅಳು." ದುರ್ಗದವರು ಬೇಜಾರಾಗಬೇಡಿ.

ಕಲ್ಲಿನಕೋಟೆ · 6:53

ಬೇಜಾರಿಲ್ಲ, ಆದರೆ ಈರುಳ್ಳಿಗೆ ಏಳೇ ಸುತ್ತು ಅಂತ ಎಣಿಸಿದ್ದೀರಾ?

ಹರಿಹರ ಸೇತುವೆ · 7:15

ಈಗ ಎಣಿಸಿದೆವು. ಒಂದರಲ್ಲಿ ಎಂಟು, ಇನ್ನೊಂದರಲ್ಲಿ ಆರು. ಎಲ್ಲರೂ ಅತ್ತಿದ್ದೀವಿ.

ವಿನೋಬನಗರದ ಅಮ್ಮ · ಮಂಗಳವಾರ ಬೆಳಗ್ಗೆ 8:05

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ನಿಮ್ಮ ಮೂರೂ ಉತ್ತರ ಓದಿ ಹೇಳಿದೆ. ಮಗ "ನೋಡೇ ಬಿಡೋಣ" ಅಂದ. ಅತ್ತೆ ಹತ್ತು ಹಣತೆಗೆ ಸಮ ಎಣ್ಣೆ ಅಳೆದು ಹಾಕಿದರು, ಅವನು ಹಚ್ಚಿ ಆರು ಊದಿದ. ನೋಟ್‌ಬುಕ್ಕಿನಲ್ಲಿ ಬರೆದ: ಬೆಳಕು 4, ಹಣತೆ 10, ನಾಳೆ ಬೆಳಗ್ಗೆ ಎಣ್ಣೆ 6. ನಮ್ಮವರೂ ಪಕ್ಕದಲ್ಲಿ ಕೂತು ನೋಡಿದರು, ಏನೂ ಅನ್ನಲಿಲ್ಲ.

ಬೆಳಗ್ಗೆ ಎದ್ದು ನೋಡಿದರೆ ಎಣ್ಣೆ ಇರೋದು ಐದರಲ್ಲೇ! ಒಂದನ್ನು ಬೆಕ್ಕು ಉರುಳಿಸಿ ನೆಕ್ಕಿ ಹೋಗಿದೆ, ನೆಲದ ತುಂಬ ಹೆಜ್ಜೆ. ಮಗ 6 ಹೊಡೆದು 5 ಅಂತ ಬರೆದು, ಪಕ್ಕದಲ್ಲಿ ಕಾರಣ ಬರೆದಿದ್ದಾನೆ: "ನಾಲ್ಕು ಕಾಲು." ಅತ್ತೆ ಅದನ್ನು ಓದಿಸಿಕೊಂಡು, "ಅಂದ್ರೆ ಒಂದು, ಸರಿ ಐತಿ" ಅಂದರು. ಈಗ ನೋಟ್‌ಬುಕ್ ಹಿಡಿದು ಶಾಲೆಗೆ ಹೋಗಿದ್ದಾನೆ.

ಮಿರ್ಚಿ ಪ್ರಿಯ · 8:09

ಸಂಜೆ ಮೇಡಂ ಏನಂದ್ರು ಅಂತ ಹಾಕಿ ಅಕ್ಕ. ಜಗಳೂರಿನವರೇ, ಮಿರ್ಚಿ ಅಂಗಡಿ ಎಲ್ಲಿ ಅಂತ ಬೇರೆ ಮೆಸೇಜ್ ಮಾಡಿದ್ದೀನಿ, ನೋಡಿ.